ಬಿಸಿಯಾದಾಗ ನಿಂತುಹೋಗುವ ಎಂಜಿನ್: ಕಾರಣ ಹುಡುಕುವ ಬಗೆ



ಬಿಟ್ಟು ಬಿಟ್ಟು ಬರುವ ಜ್ವರದ ವಿಷಯ ನಿಮಗೆಲ್ಲ ಗೊತ್ತಿದೆ. ರಾತ್ರಿಯೆಲ್ಲ ಮೈ ಕೆಂಡದಂತೆ ಸುಡುತ್ತಿರುತ್ತದೆ. ಬೆಳಗ್ಗೆ ವೈದ್ಯರ ಎದುರು ಹೋಗಿ ಕುಳಿತರೆ ಜ್ವರವೇ ಇರುವುದಿಲ್ಲ. ಯಂತ್ರಗಳಿಗೂ ಇಂಥ ಕಾಯಿಲೆಗಳು ಬರುತ್ತವೆ. ಈ ದಿನ ನಾವು ಅಂಥದೊಂದು ಕಾಯಿಲೆಯನ್ನು ಕುರಿತು ವಿಚಾರ ಮಾಡೋಣ.

ಹಳೆಯ ಗಾಡಿಯೊಂದಿದೆ ಎಂದಿಟ್ಟುಕೊಳ್ಳಿ. ಬೆಳಗ್ಗೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷ ಯಾವ ತಕರಾರೂ ಇಲ್ಲದೆ ಓಡುತ್ತದೆ. ಎಂಜಿನ್ ಚೆನ್ನಾಗಿ ಕಾವೇರಿದ ಮೇಲೆ ನಡುರಸ್ತೆಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎಷ್ಟು ಸಲ ಕೀಲಿ ತಿರುಗಿಸಿದರೂ ಜಪ್ಪಯ್ಯ ಎನ್ನುವುದಿಲ್ಲ. ಅರ್ಧ ಗಂಟೆ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ, ಸರದಿ ಬರುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತದೆ. ಮೆಕ್ಯಾನಿಕ್ ಪರೀಕ್ಷೆ ಮಾಡಿ, ಎಲ್ಲವೂ ಸರಿಯಾಗಿದೆ ಎನ್ನುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಮಾಲೀಕ ಹೇಳಿದ್ದೂ ಸುಳ್ಳಲ್ಲ. ಇಬ್ಬರ ಮಾತೂ ನಿಜವಾಗಿದ್ದರೆ ದೋಷವನ್ನು ಹಿಡಿಯುವುದು ಹೇಗೆ? ಇದೇ ನಮ್ಮ ಇಂದಿನ ಪ್ರಶ್ನೆ.

ಇದಕ್ಕೆ ಉದಾಹರಣೆಯಾಗಿ ಅಮೆರಿಕದ ಒಂದು ಪಿಕಪ್ ಟ್ರಕ್ಕನ್ನು ತೆಗೆದುಕೊಳ್ಳೋಣ. ಮುಂದೆ ಚಾಲಕನ ಕ್ಯಾಬಿನ್, ಹಿಂದೆ ಸಾಮಾನು ತುಂಬಲು ತೆರೆದ ತೊಟ್ಟಿ ಇರುವ ವಾಹನವೇ ಪಿಕಪ್. ಅಮೆರಿಕದ ರೈತರು, ಬಡಗಿಗಳು, ಕಟ್ಟಡದ ಕೆಲಸಗಾರರು ಇದನ್ನು ಬಹಳವಾಗಿ ಬಳಸುತ್ತಾರೆ. ಅಲ್ಲಿನ ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್‌ಗಳು 1948ರಲ್ಲಿ ಆರಂಭವಾದವು. ಆ ಸರಣಿಯ ಎಫ್-150 ಎಂಬ ಮಾದರಿ 1975ರ ಮಾದರಿ ವರ್ಷದಲ್ಲಿ ಬಂದಿತು. 1980ರ ದಶಕದಲ್ಲಿ ತಯಾರಾದ ಇಂಥ ಗಾಡಿಗಳು ಇಂದಿಗೂ ಅಲ್ಲಿನ ಹೊಲಗಳಲ್ಲಿ, ಹಳ್ಳಿ ರಸ್ತೆಗಳಲ್ಲಿ ಓಡಾಡುತ್ತಿವೆ. ಈ ಉದಾಹರಣೆಯನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಬಿಸಿಯಾದಾಗ ನಿಲ್ಲುವ ಈ ಕಾಯಿಲೆ ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ಕಥೆಗೆ ಆಮೇಲೆ ಬರೋಣ.

ಮೊದಲು ಎಂಜಿನ್ನಿನ ಕೆಲಸವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ನಾಲ್ಕು ಹೊಡೆತದ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊರದೂಡುವುದು ಎಂಬ ಈ ನಾಲ್ಕು ಹೊಡೆತಗಳನ್ನು ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಪೆಟ್ರೋಲ್ ಎಂಜಿನ್ ಓಡಬೇಕಾದರೆ ಮೂರು ವಿಷಯಗಳು ಬೇಕು. ಒಂದು, ಗಾಳಿ ಮತ್ತು ಪೆಟ್ರೋಲಿನ ಸರಿಯಾದ ಮಿಶ್ರಣ. ಎರಡು, ಆ ಮಿಶ್ರಣವನ್ನು ಬಿಗಿಯಾಗಿ ಒತ್ತುವ ಸಿಲಿಂಡರ್. ಮೂರು, ತಕ್ಕ ಕ್ಷಣದಲ್ಲಿ ಹಾರುವ ಕಿಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ ನಿಲ್ಲುತ್ತದೆ. ಬಿಸಿಯಾದಾಗ ನಿಂತು, ತಣ್ಣಗಾದಾಗ ತಾನಾಗಿಯೇ ಸರಿಹೋಗುವ ಗಾಡಿಯಲ್ಲಿ ಸಿಲಿಂಡರಿನ ಒತ್ತಡ ತಪ್ಪುವುದು ಅಪರೂಪ. ಆದ್ದರಿಂದ ನಮ್ಮ ವಿಚಾರಣೆ ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ ಇಳಿಯುತ್ತದೆ. ಗಾಡಿ ನಿಂತ ಆ ಗಳಿಗೆಯಲ್ಲಿ ಪೆಟ್ರೋಲ್ ಬರುತ್ತಿದೆಯೆ? ಕಿಡಿ ಹಾರುತ್ತಿದೆಯೆ?

ಉಷ್ಣವು ಪೆಟ್ರೋಲಿಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ನೀರಿನಂತೆ ಪೆಟ್ರೋಲಿಗೆ ಒಂದೇ ಕುದಿಬಿಂದುವಿಲ್ಲ. ಅದು ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಹಗುರವಾದ ಅಂಶಗಳು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯಲು ತೊಡಗುತ್ತವೆ. ಭಾರವಾದ ಅಂಶಗಳು ಕುದಿಯಲು ಸುಮಾರು 200 ಡಿಗ್ರಿ ಬೇಕು. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಪಂಪನ್ನು ಎಂಜಿನ್ನಿಗೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅದು ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಬೇಕು. ಹೀರುವಾಗ ಕೊಳವೆಯೊಳಗೆ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ಕುದಿಬಿಂದುವೂ ಇಳಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಒಂದು ಕಡೆ ಎಂಜಿನ್ನಿನ ಕಾವು, ಇನ್ನೊಂದು ಕಡೆ ಕಡಿಮೆ ಒತ್ತಡ. ಎರಡೂ ಸೇರಿ ಪೆಟ್ರೋಲ್ ಕೊಳವೆಯಲ್ಲಿಯೇ ಆವಿಯಾಗುತ್ತದೆ. ದ್ರವವನ್ನು ಸಾಗಿಸಲು ಮಾಡಿದ ಪಂಪು ಆವಿಯನ್ನು ಹಿಗ್ಗಿಸುತ್ತ, ಕುಗ್ಗಿಸುತ್ತ ಸುಮ್ಮನೆ ಆಡುತ್ತಿರುತ್ತದೆಯೇ ಹೊರತು ಮುಂದಕ್ಕೆ ತಳ್ಳಲಾರದು. ಇದನ್ನು ವೇಪರ್ ಲಾಕ್ ಎನ್ನುತ್ತಾರೆ.

ಇದು ಅಮೆರಿಕದ ಗಾಡಿಗಳಿಗೆ ಮಾತ್ರ ಬರುವ ಕಾಯಿಲೆಯಲ್ಲ. ನಮ್ಮಲ್ಲಿ ಅಂಬಾಸಿಡರ್ ಕಾರು ಓಡಿಸುತ್ತಿದ್ದ ಹಳೆಯ ಡ್ರೈವರುಗಳನ್ನು ಕೇಳಿ ನೋಡಿ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದನ್ನು ಅವರು ಹೇಳುತ್ತಾರೆ. ನೀರು ಆವಿಯಾಗುವಾಗ ಪಂಪಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಆ ಡ್ರೈವರುಗಳು ಗುಪ್ತೋಷ್ಣ ಎಂಬ ಪದವನ್ನು ಕೇಳಿರಲಿಕ್ಕಿಲ್ಲ. ಆದರೆ ಅದನ್ನು ಚೆನ್ನಾಗಿ ದುಡಿಸಿಕೊಂಡರು.

ಎಂಜಿನ್ ನಿಲ್ಲಿಸಿದ ಕೂಡಲೇ ಬಾನೆಟ್ಟಿನ ಕೆಳಗೆ ತಾಪ ಇಳಿಯುತ್ತದೆ ಎಂದು ನೀವು ಭಾವಿಸಬಹುದು. ವಾಸ್ತವವಾಗಿ ಅದು ಕೆಲವು ನಿಮಿಷಗಳ ಕಾಲ ಏರುತ್ತದೆ. ಏಕೆಂದರೆ ನೀರಿನ ಪಂಪು ನಿಂತಿದೆ, ಫ್ಯಾನು ನಿಂತಿದೆ, ಎದುರುಗಾಳಿಯೂ ಇಲ್ಲ. ಕಬ್ಬಿಣದ ಒಡಲಿನಲ್ಲಿ ತುಂಬಿಕೊಂಡಿರುವ ಉಷ್ಣ ಸುತ್ತಲಿನ ಭಾಗಗಳಿಗೆ ಹರಿಯುತ್ತದೆ. ಆಗ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಕುದಿದು ಎಂಜಿನ್ನಿನೊಳಕ್ಕೆ ಉಕ್ಕುವುದೂ ಉಂಟು. ಆದ್ದರಿಂದ, ಓಡುತ್ತಿರುವಾಗಲೇ ನಿಂತ ಗಾಡಿಯ ಕಾಯಿಲೆಯೇ ಬೇರೆ, ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿ ಬಂದ ಮೇಲೆ ಸ್ಟಾರ್ಟ್ ಆಗದ ಗಾಡಿಯ ಕಾಯಿಲೆಯೇ ಬೇರೆ ಆಗಿರಬಹುದು. ಮಾಲೀಕ ಇವೆರಡನ್ನೂ ‘ಬಿಸಿಯಾದಾಗ ತೊಂದರೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ.

ಇನ್ನು ಕಿಡಿಯ ವಿಷಯ. ಕಿಡಿಗೆ ಬೇಕಾದ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಇಗ್ನಿಷನ್ ಕಾಯಿಲ್ ಒದಗಿಸುತ್ತದೆ. ಅದರೊಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಬಿಸಿಯಾದಂತೆ ತಾಮ್ರದ ರೋಧ ಹೆಚ್ಚುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.39ರಷ್ಟು. ಸಿ.ಬಿ. ಪಾಯಿಂಟ್ ಇರುವ ಹಳೆಯ ಪದ್ಧತಿಯ ಒಂದು ಕಾಯಿಲ್‌ನಲ್ಲಿ 20 ಡಿಗ್ರಿಯಲ್ಲಿ 3 ಓಮ್ ರೋಧವಿದೆ ಎಂದುಕೊಳ್ಳಿ. 12 ವೋಲ್ಟ್ ಬ್ಯಾಟರಿಯಿಂದ 4 ಆಂಪಿಯರ್ ಪ್ರವಾಹ ಹರಿಯುತ್ತದೆ. ಅದೇ ಕಾಯಿಲ್ 100 ಡಿಗ್ರಿಗೆ ಕಾದರೆ ರೋಧ ಸುಮಾರು 3.9 ಓಮ್ ಆಗುತ್ತದೆ, ಪ್ರವಾಹ ಸುಮಾರು 3 ಆಂಪಿಯರ್‌ಗೆ ಇಳಿಯುತ್ತದೆ. ಕಾಯಿಲ್‌ನ ಕಾಂತಕ್ಷೇತ್ರದಲ್ಲಿ ಕೂಡಿಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಲೆಕ್ಕ ಹಾಕಿದರೆ ಶಕ್ತಿ ಮೊದಲಿನ ಶೇಕಡಾ 60ಕ್ಕಿಂತ ಕಡಿಮೆಯಾಗುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಾಯಿಲ್ ಇದನ್ನು ತಾಳಿಕೊಳ್ಳುತ್ತದೆ, ಏಕೆಂದರೆ ಅದನ್ನು ಮಾಡುವಾಗಲೇ ಸ್ವಲ್ಪ ಹೆಚ್ಚಿನ ಶಕ್ತಿ ಇರುವಂತೆ ಮಾಡಿರುತ್ತಾರೆ. ಆದರೆ ಹಳೆಯದಾಗಿ, ಸುರುಳಿಗಳ ನಡುವಿನ ಅವಾಹಕ ಲೇಪ ಬಿರುಕುಬಿಟ್ಟ ಕಾಯಿಲ್‌ಗೆ ಅಷ್ಟೇ ಸಾಕು, ಕಿಡಿ ಸೊರಗುತ್ತದೆ.

1980ರ ದಶಕದ ಗಾಡಿಗಳಲ್ಲಿ ಸಿ.ಬಿ. ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲ್ ಬಂದಿತ್ತು. ಕಾಯಿಲ್‌ನ ಪ್ರವಾಹವನ್ನು ತಕ್ಕ ಸಮಯಕ್ಕೆ ಹರಿಸಿ, ತಕ್ಷಣ ಕಡಿಯುವ ಟ್ರಾನ್ಸಿಸ್ಟರ್ ಸ್ವಿಚ್ಚು ಅದು. ಅರೆವಾಹಕಗಳು ಉಷ್ಣಕ್ಕೆ ಬಹಳ ಸೂಕ್ಷ್ಮ. ಬಿಸಿಯಾದಂತೆ ಅವುಗಳಲ್ಲಿ ಅನವಶ್ಯಕ ಪ್ರವಾಹ ಸೋರುತ್ತದೆ. ಇದರ ಜೊತೆಗೆ ಬೆಸುಗೆ, ಸೆರಾಮಿಕ್, ಲೋಹ ಇವು ಬಿಸಿಯಾದಾಗ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಸಾವಿರಾರು ಬಾರಿ ಹಿಗ್ಗಿ ಕುಗ್ಗಿದ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ತಣ್ಣಗಿರುವಾಗ ಬಿರುಕಿನ ಎರಡು ಅಂಚುಗಳು ಕೂಡಿಕೊಂಡಿರುತ್ತವೆ, ಬಿಸಿಯಾದಾಗ ಅಗಲುತ್ತವೆ. ಗಾಡಿ ನಿಂತು ತಣ್ಣಗಾದರೆ ಮತ್ತೆ ಕೂಡುತ್ತವೆ. ತಣ್ಣಗಿದ್ದಾಗ ದೋಷ ಏಕೆ ಸಿಗುವುದಿಲ್ಲ ಎಂಬುದು ಈಗ ನಿಮಗೆ ಅರ್ಥವಾಗಿರಬೇಕು. ಆ ಹೊತ್ತಿನಲ್ಲಿ ದೋಷ ನಿಜವಾಗಿಯೂ ಇರುವುದೇ ಇಲ್ಲ.

ಇಷ್ಟು ಕೇಳಿದ ಮೇಲೆ, ‘ಬಿಸಿಯೇ ಕಾರಣ, ಇನ್ನೇನು ಉಳಿಯಿತು’ ಎಂದು ನಿಮಗೆ ಅನ್ನಿಸಬಹುದು. ಇಲ್ಲಿಯೇ ಎಚ್ಚರ ಬೇಕು. ‘ಬಿಸಿಯಾದಾಗ ನಿಲ್ಲುತ್ತದೆ’ ಎಂಬುದು ಕಣ್ಣಿಗೆ ಕಂಡ ಸಂಗತಿ. ‘ಬಿಸಿಯಿಂದ ನಿಲ್ಲುತ್ತದೆ’ ಎಂಬುದು ನಾವು ಮಾಡಿದ ಊಹೆ. ಇಪ್ಪತ್ತು ನಿಮಿಷ ಓಡಿದ ಗಾಡಿಯಲ್ಲಿ ಬಿಸಿ ಒಂದೇ ಹೆಚ್ಚಾಗಿರುವುದಿಲ್ಲ. ಇಪ್ಪತ್ತು ನಿಮಿಷ ಕಾಲವೂ ಕಳೆದಿದೆ, ಒಂದಿಷ್ಟು ಪೆಟ್ರೋಲೂ ಖರ್ಚಾಗಿದೆ. ಕಾರಣ ಇವುಗಳಲ್ಲಿಯೂ ಇರಬಹುದಲ್ಲವೆ? ಮೂರು ಉದಾಹರಣೆಗಳನ್ನು ನೋಡಿ.

ಮೊದಲನೆಯದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಖರ್ಚಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಗಾಳಿ ಬರುವ ರಂಧ್ರ ಮುಚ್ಚಿಹೋಗಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪಂಪಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಗಾಡಿ ನಿಲ್ಲುತ್ತದೆ. ನಿಧಾನವಾಗಿ ಗಾಳಿ ಒಳಸೇರಿದ ಮೇಲೆ ಮತ್ತೆ ಹೊರಡುತ್ತದೆ. ಇದಕ್ಕೂ ಬಿಸಿಗೂ ಸಂಬಂಧವಿಲ್ಲ.

ಎರಡನೆಯದು, ಟ್ಯಾಂಕಿನ ತಳದ ತುಕ್ಕು ಮತ್ತು ಕೊಳೆ. ಪೆಟ್ರೋಲ್ ಹರಿಯುತ್ತಿರುವಾಗ ಕೊಳೆ ಬಂದು ಜಾಲರಿಗೆ ಅಂಟಿಕೊಳ್ಳುತ್ತದೆ. ಹರಿವು ನಿಂತಾಗ ಕೆಳಗೆ ಉದುರುತ್ತದೆ. ಅರ್ಧ ಗಂಟೆ ಕಾದರೆ ಗಾಡಿ ಸರಿಹೋಗುತ್ತದೆ. ನೋಡುವವರು ‘ತಣ್ಣಗಾಯಿತು, ಸರಿಹೋಯಿತು’ ಎನ್ನುತ್ತಾರೆ.

ಮೂರನೆಯದು ಇನ್ನೂ ವಿಚಿತ್ರ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ. ಹೊರಗಿನ ಹವೆ ತಂಪಾಗಿ, ತೇವವಾಗಿದ್ದರೆ ಆ ತೇವ ಕಾರ್ಬ್ಯುರೇಟರಿನ ಗಂಟಲಿನಲ್ಲಿ ಹಿಮಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಗಾಡಿ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ನಿಂತ ಮೇಲೆ ಎಂಜಿನ್ನಿನ ಕಾವು ಮೇಲೇರಿ ಹಿಮವನ್ನು ಕರಗಿಸುತ್ತದೆ. ಐದಾರು ನಿಮಿಷದಲ್ಲಿ ಗಾಡಿ ಮತ್ತೆ ಹೊರಡುತ್ತದೆ. ನೋಡಿದಿರಾ! ಲಕ್ಷಣ ಅದೇ, ಕಾರಣ ಮಾತ್ರ ತದ್ವಿರುದ್ಧ. ಇಲ್ಲಿ ಗಾಡಿಯನ್ನು ನಿಲ್ಲಿಸಿದ್ದು ಚಳಿ, ಸರಿಪಡಿಸಿದ್ದು ಬಿಸಿ. ಚಳಿ ದೇಶಗಳ ಗಾಡಿಗಳಲ್ಲಿ ಬಿಸಿಗಾಳಿಯನ್ನು ಏರ್ ಫಿಲ್ಟರಿಗೆ ತರುವ ಒಂದು ಕೊಳವೆ ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಹರಿದು ಹೋಗಿರುವುದೇ ಹೆಚ್ಚು. ಬೇಡದ ಕೊಳವೆ ಎಂದು ಕಿತ್ತು ಎಸೆದವರೂ ಇದ್ದಾರೆ.

ಹಾಗಾದರೆ ಈ ಕಾರಣಗಳನ್ನು ಬೇರೆ ಬೇರೆ ಮಾಡುವುದು ಹೇಗೆ? ಸ್ಪಾನರ್ ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆ ಕೇಳಬೇಕು. ಒಳ್ಳೆಯ ವೈದ್ಯರು ಮಾಡುವುದೂ ಅದನ್ನೇ.

ಮೊದಲ ಪ್ರಶ್ನೆ: ಎಂಜಿನ್ ಹೇಗೆ ನಿಂತಿತು? ದೀಪದ ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತಿದ್ದರೆ ಸಾಮಾನ್ಯವಾಗಿ ವಿದ್ಯುತ್ತಿನ ದೋಷ. ಮುಕ್ಕರಿಸಿ, ಮಿಸ್ಸಿಂಗ್ ಹೊಡೆದು, ಎಳೆದಾಡಿ ನಿಂತಿದ್ದರೆ ಸಾಮಾನ್ಯವಾಗಿ ಪೆಟ್ರೋಲಿನ ದೋಷ. ಕಪ್ಪು ಹೊಗೆ ಕಾರಿ ನಿಂತಿದ್ದರೆ ಪೆಟ್ರೋಲ್ ಅತಿಯಾಗಿದೆ, ಬಿಸಿಯಾದ ಮೇಲೂ ಚೋಕ್ ತೆರೆದಿಲ್ಲ ಎಂದು ಅನುಮಾನಿಸಬೇಕು. ಎಂಜಿನ್ನಿನ ವೇಗ ತೋರಿಸುವ ಟ್ಯಾಕೊಮೀಟರ್ ಇದ್ದರೆ ಅದೂ ಸಾಕ್ಷಿ ಹೇಳುತ್ತದೆ. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗಲೇ ಅದರ ಮುಳ್ಳು ದಿಢೀರನೆ ಸೊನ್ನೆಗೆ ಬಿದ್ದರೆ, ಕಾಯಿಲ್‌ಗೆ ಹೋಗುವ ವಿದ್ಯುತ್ತು ಕಡಿದುಹೋಗಿದೆ ಎಂದು ಊಹಿಸಬಹುದು.

ಎರಡನೆಯ ಪ್ರಶ್ನೆ: ಯಾವಾಗ ನಿಂತಿತು? ಓಡುವಾಗಲೋ, ಸಿಗ್ನಲ್ಲಿನಲ್ಲಿ ನಿಧಾನವಾಗಿ ತಿರುಗುತ್ತಿರುವಾಗಲೋ? ಸಿಗ್ನಲ್ಲಿನಲ್ಲಿ ಮಾತ್ರ ನಿಲ್ಲುವುದಾದರೆ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇ.ಜಿ.ಆರ್. ಕವಾಟವನ್ನು ನೋಡಬೇಕು. ಎಂಜಿನ್ ಬಿಸಿಯಾದ ಮೇಲೆಯೇ ಅದಕ್ಕೆ ತೆರೆಯುವ ಅಪ್ಪಣೆ ಸಿಗುತ್ತದೆ. ಮಸಿ ಕಟ್ಟಿ ಅದು ಮುಚ್ಚದೇ ಹೋದರೆ ನಿಧಾನಗತಿಯಲ್ಲಿ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ.

ಮೂರನೆಯ ಪ್ರಶ್ನೆ: ಹವಾಮಾನ ಹೇಗಿತ್ತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಎಷ್ಟು ಹೊತ್ತಿಗೆ ಮತ್ತೆ ಹೊರಟಿತು? ತಂಪು ಹವೆಯಲ್ಲಿ ಹೆಚ್ಚು, ಬಿಸಿಲಿನಲ್ಲಿ ಕಡಿಮೆ ಎಂದರೆ ಹಿಮಗಡ್ಡೆಯ ಅನುಮಾನ. ಬಿಸಿಲಿನಲ್ಲಿ, ಏರುದಾರಿಯಲ್ಲಿ ಹೆಚ್ಚು ಎಂದರೆ ವೇಪರ್ ಲಾಕಿನ ಅನುಮಾನ. ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ನಾಲ್ಕೈದು ಸಲ ನಿಲ್ಲುವಷ್ಟರಲ್ಲಿ ಒಂದು ಕ್ರಮ ಕಾಣತೊಡಗುತ್ತದೆ.

ಇದಾದ ಮೇಲೆ ಪರೀಕ್ಷೆ. ಇಲ್ಲಿ ಒಂದು ನಿಯಮವನ್ನು ಮರೆಯಬಾರದು. ದೋಷ ಇರುವಾಗಲೇ ಪರೀಕ್ಷಿಸಬೇಕು. ಉಪಕರಣಗಳನ್ನು ಗಾಡಿಯಲ್ಲಿಯೇ ಇಟ್ಟುಕೊಂಡು ಓಡಿಸಿ, ನಿಂತ ಕೂಡಲೇ ಸುರಕ್ಷಿತವಾಗಿ ರಸ್ತೆ ಬದಿಗೆ ತಂದು, ತಣ್ಣಗಾಗುವ ಮೊದಲೇ ನೋಡಬೇಕು. ಮೊದಲು ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ. ಗಾಳಿಯನ್ನು ಒಳಕ್ಕೆಳೆಯುವ ಬುಸ್ ಎಂಬ ಶಬ್ದ ಬಂದು, ಗಾಡಿ ಕೂಡಲೇ ಸ್ಟಾರ್ಟ್ ಆದರೆ ಬಂದ ಕೆಲಸ ಅಲ್ಲಿಗೇ ಮುಗಿಯಿತು. ಆಗದಿದ್ದರೆ ಸ್ಪಾರ್ಕ್ ಟೆಸ್ಟರನ್ನು ಜೋಡಿಸಿ ಕಿಡಿ ಇದೆಯೇ ನೋಡಬೇಕು. ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಸಾಹಸ ಖಂಡಿತ ಬೇಡ. ಪೆಟ್ರೋಲ್ ವಾಸನೆ ಇರುವ ಕಡೆ ಕಿಡಿಯ ಪರೀಕ್ಷೆಯೂ ಬೇಡ. ಅನುಭವಿಗಳು ಜೊತೆಯಲ್ಲಿಲ್ಲದೆ ನೀವು ಇದನ್ನು ಮಾಡಕೂಡದು.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ಕಡೆ ತಿರುಗಬೇಕು. ಕಾರ್ಬ್ಯುರೇಟರ್ ಗಾಡಿಯಾದರೆ, ಎಂಜಿನ್ ನಿಂತಿರುವಾಗ ಏರ್ ಫಿಲ್ಟರ್ ತೆಗೆದು ಆಕ್ಸಿಲರೇಟರ್ ಅದುಮಿದಾಗ ಒಳಗೆ ಪೆಟ್ರೋಲ್ ಚಿಮ್ಮುವುದು ಕಾಣಬೇಕು. ಚಿಮ್ಮದಿದ್ದರೆ ಬಟ್ಟಲು ಬರಿದಾಗಿದೆ. ಇಂಜೆಕ್ಷನ್ ಪದ್ಧತಿಯ ಗಾಡಿಯಾದರೆ ಪ್ರೆಷರ್ ಗೇಜ್ ಜೋಡಿಸಿ ಒತ್ತಡ ನೋಡಬೇಕು. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಸವೆದಿದ್ದರೆ ಬಿಸಿಯಾದ ಮೇಲೆ ಒತ್ತಡ ಕುಸಿಯುತ್ತದೆ.

ಕಿಡಿ ಇಲ್ಲದಿದ್ದರೆ ವಿಚಾರಣೆ ಇನ್ನೂ ಸ್ವಾರಸ್ಯವಾಗುತ್ತದೆ. ನಮ್ಮ ಉದಾಹರಣೆಯ ಪಿಕಪ್ಪಿನಲ್ಲಿ ಮೂರು ಆರೋಪಿಗಳಿದ್ದಾರೆ. ಡಿಸ್ಟ್ರಿಬ್ಯೂಟರಿನ ಒಳಗೆ ಕುಳಿತು ಎಂಜಿನ್ನಿನ ತಿರುಗುವಿಕೆಯನ್ನು ತಿಳಿಸುವ ಸೆನ್ಸರ್, ಇಗ್ನಿಷನ್ ಮಾಡ್ಯೂಲ್ ಮತ್ತು ಕಾಯಿಲ್. ಸೆನ್ಸರ್ ಕೊಡುವ ಸಂಕೇತವನ್ನು ಆಧರಿಸಿಯೇ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಇಂಜೆಕ್ಟರುಗಳನ್ನೂ ತೆರೆಯುತ್ತದೆ. ಆದ್ದರಿಂದ ಇಂಜೆಕ್ಟರಿನ ವೈರಿಗೆ ಚಿಕ್ಕ ಪರೀಕ್ಷಾ ದೀಪ ಹಾಕಿ ಸ್ಟಾರ್ಟರ್ ತಿರುಗಿಸಿದರೆ ಒಂದು ಸುಳಿವು ಸಿಗುತ್ತದೆ. ದೀಪ ಮಿಣುಕುತ್ತಿದೆ, ಕಿಡಿ ಮಾತ್ರ ಇಲ್ಲ ಎಂದರೆ ಸೆನ್ಸರ್ ಬದುಕಿದೆ, ಮಾಡ್ಯೂಲ್ ಅಥವಾ ಕಾಯಿಲ್ ಕೈಕೊಟ್ಟಿದೆ. ದೀಪವೂ ಮಿಣುಕುತ್ತಿಲ್ಲ ಎಂದರೆ ಹೆಚ್ಚಾಗಿ ಸೆನ್ಸರ್ ಕಡೆ ನೋಡಬೇಕು. ಒಂದು ಚಿಕ್ಕ ದೀಪ ಮೂವರು ಆರೋಪಿಗಳನ್ನು ಎರಡು ಗುಂಪು ಮಾಡಿತು.

ಇನ್ನು ಉಳಿದಿರುವುದು ಬಿಸಿ ಮತ್ತು ಕಾಲವನ್ನು ಬೇರ್ಪಡಿಸುವ ಪರೀಕ್ಷೆ. ಎಂಜಿನ್ ತಣ್ಣಗಿದ್ದು, ಚೆನ್ನಾಗಿ ಓಡುತ್ತಿರುವಾಗ ಕೂದಲು ಒಣಗಿಸುವ ಡ್ರೈಯರಿನಿಂದ ಅನುಮಾನವಿರುವ ಭಾಗ ಒಂದನ್ನೇ ಕಾಯಿಸಬೇಕು. ಎಂಜಿನ್ ನಿಂತರೆ, ಬೇರೆಲ್ಲವೂ ತಣ್ಣಗಿರುವಾಗ ಈ ಒಂದರ ಬಿಸಿಯಿಂದಲೇ ನಿಂತಿತು ಎಂದಾಯಿತು. ಇದರ ವಿಲೋಮವೂ ಉಂಟು. ಗಾಡಿ ನಿಂತಾಗ ಆ ಭಾಗವೊಂದನ್ನೇ ತಣಿಸಿ ನೋಡುವುದು. ಕೂಡಲೇ ಹೊರಟರೆ ಅನುಮಾನ ದೃಢವಾಗುತ್ತದೆ. ತಣಿಸುವ ಭರದಲ್ಲಿ ಕಾದ ಎಂಜಿನ್ನಿನ ಮೇಲೆ ನೀರು ಸುರಿಯಬಾರದು. ಎರಕದ ಕಬ್ಬಿಣ ಬಿರುಕುಬಿಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಇದ್ದ ಹಾಗೆ ಇಟ್ಟು, ಏನಾಗುತ್ತದೆ ಎಂದು ನೋಡುವುದು. ನಿಮ್ಮ ಪ್ರಯೋಗಶಾಲೆಯಲ್ಲಿ ಮಾಡುವುದೂ ಇದನ್ನೇ ಅಲ್ಲವೆ?

ಹೀಗೆ ಮಾಡದೆ ಅಂದಾಜಿನಲ್ಲಿ ಬಿಡಿಭಾಗ ಬದಲಿಸುತ್ತ ಹೋದರೆ ಏನಾಗುತ್ತದೆ? ಇಂದು ಕಾಯಿಲ್, ನಾಳೆ ಪಂಪು, ಮುಂದಿನ ವಾರ ಕಾರ್ಬ್ಯುರೇಟರ್. ಪ್ರತಿ ಬಾರಿಯೂ ಗಾಡಿ ತಣ್ಣಗಿರುವಾಗ ಓಡುತ್ತದೆ. ಮೆಕ್ಯಾನಿಕ್‌ಗೆ ಸಮಾಧಾನ. ಮೂರು ದಿನದ ಮೇಲೆ ಮತ್ತೆ ನಿಲ್ಲುತ್ತದೆ. ಹಳೆಯ ಗಾಡಿ ಇಟ್ಟುಕೊಂಡಿರುವವರು ಸಾಮಾನ್ಯವಾಗಿ ಹಣವಂತರಲ್ಲ. ದುಡಿಮೆಗೆ ಆ ಗಾಡಿಯೇ ಆಧಾರ. ಇದಕ್ಕಿಂತ ದೊಡ್ಡದು ಪ್ರಾಣದ ಪ್ರಶ್ನೆ. ಹೆದ್ದಾರಿಯಲ್ಲಿ ಎಂಜಿನ್ ನಿಂತರೆ ಪವರ್ ಸ್ಟಿಯರಿಂಗಿನ ನೆರವು ಹೋಗುತ್ತದೆ, ಸ್ಟಿಯರಿಂಗ್ ಗಟ್ಟಿಯಾಗುತ್ತದೆ. ಒಂದೆರಡು ಬಾರಿ ಅದುಮಿದ ಮೇಲೆ ಬ್ರೇಕಿನ ನೆರವೂ ಮುಗಿಯುತ್ತದೆ. ಹಿಂದಿನಿಂದ ವೇಗವಾಗಿ ಬರುವ ಲಾರಿಗೆ ಇದೊಂದೂ ಗೊತ್ತಿರುವುದಿಲ್ಲ.

ಈಗ ನ್ಯಾಯಾಲಯದ ಕಥೆಗೆ ಬರೋಣ. ಫೋರ್ಡ್ ಕಂಪನಿ 1980ರ ದಶಕದ ಆರಂಭದಿಂದ ತನ್ನ ಅನೇಕ ಕಾರು ಮತ್ತು ಪಿಕಪ್‌ಗಳಲ್ಲಿ ಟಿ.ಎಫ್.ಐ. ಎಂಬ ಮಾಡ್ಯೂಲ್ ಬಳಸಿತು. ಸೆರಾಮಿಕ್ ಹಲಗೆಯ ಮೇಲೆ ದಪ್ಪ ಪದರವಾಗಿ ಅಚ್ಚೊತ್ತಿದ ವಿದ್ಯುನ್ಮಂಡಲ ಅದು. ಅನೇಕ ಮಾದರಿಗಳಲ್ಲಿ ಅದನ್ನು ಡಿಸ್ಟ್ರಿಬ್ಯೂಟರಿನ ಮೈಗೇ ಜೋಡಿಸಲಾಗಿತ್ತು. ಡಿಸ್ಟ್ರಿಬ್ಯೂಟರ್ ಕುಳಿತಿರುವುದು ಕಾದ ಎಂಜಿನ್ನಿನ ಮೇಲೆ. ಮಾಡ್ಯೂಲಿನ ಉಷ್ಣ ಹೊರಹೋಗಲೆಂದು ನಡುವೆ ಉಷ್ಣ ಸಾಗಿಸುವ ವಿಶೇಷ ಗ್ರೀಸ್ ಹಚ್ಚುತ್ತಾರೆ. ಅದು ಒಣಗಿದರೆ, ಇಲ್ಲವೆ ಹೊಸ ಮಾಡ್ಯೂಲ್ ಹಾಕುವಾಗ ಹಚ್ಚಲು ಮರೆತರೆ, ಮಾಡ್ಯೂಲ್ ಇನ್ನಷ್ಟು ಕಾಯುತ್ತದೆ. ಗಾಡಿಗಳು ಬಿಸಿಯಾದಾಗ ನಿಲ್ಲುತ್ತವೆ ಎಂಬ ದೂರುಗಳು ಬಂದವು. ಗ್ರಾಹಕರು ಕಂಪನಿಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದರು. 2000ದಲ್ಲಿ ಅಲ್ಲಿನ ಅಲಮೀಡಾ ಕೌಂಟಿಯ ನ್ಯಾಯಾಧೀಶ ಮೈಕೆಲ್ ಬ್ಯಾಲಚಿ ಅವರು, ಕಂಪನಿಯು ಈ ದೋಷವನ್ನು ಮುಚ್ಚಿಟ್ಟಿತ್ತು ಎಂದು ಹೇಳಿ, ಆ ರಾಜ್ಯದಲ್ಲಿ ಮಾರಾಟವಾದ ಸುಮಾರು 17 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಬೇಕೆಂದು ಆದೇಶಿಸಿದರು. ಮಾಡ್ಯೂಲ್ ಅಪಾಯಕಾರಿ ಎಂಬುದನ್ನು ಕಂಪನಿ ಒಪ್ಪಲಿಲ್ಲ. 2001ರಲ್ಲಿ ರಾಜಿಯಾಯಿತು. ಮಾಡ್ಯೂಲ್ ಬದಲಿಸಿಕೊಂಡಿದ್ದ ಗ್ರಾಹಕರಿಗೆ, ಕೆಲವು ಷರತ್ತುಗಳಿಗೆ ಒಳಪಟ್ಟು, ಖರ್ಚು ಹಿಂದಿರುಗಿಸಲು ಕಂಪನಿ ಒಪ್ಪಿತು. ಆ ವೇಳೆಗೆ ಹೊಸ ಮಾದರಿಗಳಲ್ಲಿ ಈ ಪದ್ಧತಿಯೇ ಹೋಗಿತ್ತು.

ಇದರಿಂದ ಒಂದು ಸಂಗತಿ ತಿಳಿಯುತ್ತದೆ. ತಣ್ಣಗಾದಾಗ ಮಾಯವಾಗುವ ದೋಷದಲ್ಲಿ ಸಾಕ್ಷಿಯೂ ಮಾಯವಾಗುತ್ತದೆ. ದೂರು ಕೊಟ್ಟವನ ಮಾತಿಗೆ ಬೆಲೆ ಇಲ್ಲದಂತಾಗುತ್ತದೆ. ಆಗ ಅವನ ನೆರವಿಗೆ ಬರುವುದು ಸರಿಯಾದ ಸಮಯದಲ್ಲಿ ಮಾಡಿದ ಪರೀಕ್ಷೆ ಮತ್ತು ಬರೆದಿಟ್ಟ ವಿವರ. ಹಾಗೆಯೇ, ಪ್ರತಿ ನಿಂತ ಗಾಡಿಗೂ ಮಾಡ್ಯೂಲೇ ಕಾರಣ ಎಂದು ಈ ಕಥೆ ಕೇಳಿ ತೀರ್ಮಾನಿಸುವುದೂ ತಪ್ಪು. ಪಕ್ಕದಲ್ಲಿಯೇ ಇರುವ ಸೆನ್ಸರ್ ಕೂಡ ಅದೇ ಲಕ್ಷಣ ತೋರಿಸುತ್ತದೆ ಎಂಬುದನ್ನು ಆಗಲೇ ನೋಡಿದೆವು. ಪ್ರಸಿದ್ಧವಾದ ಕಾರಣವೇ ನಮ್ಮ ಗಾಡಿಯ ಕಾರಣವಾಗಬೇಕೆಂಬ ನಿಯಮವಿಲ್ಲ.

ಇಂದಿನ ವಾಹನಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಪೆಟ್ರೋಲನ್ನು ಟ್ಯಾಂಕಿನಿಂದಲೇ ಹೆಚ್ಚಿನ ಒತ್ತಡದಲ್ಲಿ ತಳ್ಳುವುದರಿಂದ ಅದು ದಾರಿಯಲ್ಲಿ ಕುದಿಯುವುದು ವಿರಳ. ಆದರೂ ಬಿಸಿಯಾದಾಗ ಕೈಕೊಡುವ ಸೆನ್ಸರುಗಳು, ಬಿರುಕುಬಿಟ್ಟ ಬೆಸುಗೆಗಳು ಇನ್ನೂ ಇವೆ. ನಿಮ್ಮ ಮನೆಯ ಟೆಲಿವಿಷನ್, ಕಂಪ್ಯೂಟರ್, ನೀರಿನ ಪಂಪಿನ ಮೋಟಾರು ಇವುಗಳಿಗೂ ಇದೇ ಬಗೆಯ ಕಾಯಿಲೆ ಬರಬಹುದು. ವಿಚಾರಣೆಯ ಕ್ರಮ ಎಲ್ಲದಕ್ಕೂ ಒಂದೇ.

ಕೊನೆಯಲ್ಲಿ ನಿಮಗೊಂದು ಚಿಕ್ಕ ಪ್ರಯೋಗ. ಹಳೆಯ ರಿಲೇ ಒಂದರ ತಾಮ್ರದ ಸುರುಳಿಯನ್ನು ತೆಗೆದುಕೊಳ್ಳಿ. ಅದರ ರೋಧ ನೂರಾರು ಓಮ್ ಇದ್ದರೆ ಒಳ್ಳೆಯದು. ಬ್ಯಾಟರಿ, ವಿದ್ಯುತ್ತು ಏನನ್ನೂ ಜೋಡಿಸದೆ, ಮಲ್ಟಿಮೀಟರಿನಿಂದ ರೋಧವನ್ನು ಅಳೆದು ಬರೆದುಕೊಳ್ಳಿ. ಸುರುಳಿಯನ್ನು ನೀರು ಸೋಕದಂತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಹತ್ತು ನಿಮಿಷ ಇಳಿಬಿಡಿ. ಮತ್ತೆ ಅಳೆಯಿರಿ. 25 ಡಿಗ್ರಿಯಿಂದ 75 ಡಿಗ್ರಿಗೆ ಕಾಯಿಸಿದರೆ ರೋಧ ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚಬೇಕು. ತಣ್ಣಗಾದ ಮೇಲೆ ಮೂರನೆಯ ಬಾರಿ ಅಳೆದು, ಮೊದಲಿನ ಅಂಕಿಗೆ ಮರಳಿತೇ ನೋಡಿ. ಮರಳಿದ್ದರೆ, ತಣ್ಣಗಿರುವಾಗ ಮಾತ್ರ ಅಳೆದವನಿಗೆ ನಡುವಿನ ಬದಲಾವಣೆ ಎಂದಿಗೂ ತಿಳಿಯುವುದಿಲ್ಲ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.